ಮಳೆ ಮುಂಚೆ ಬಂದರೆ ಸೂಜಿಯೂ ಮುಂಚೆ ಬರಬೇಕು: ಗಡಿ ಕುರಿಗಾರರಿಗೆ ಕರುಳು ಬೇನೆಯ ಲೆಕ್ಕ

ಜತ್ತ: ರಾತ್ರಿ ಹಟ್ಟಿಯಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಮರಿ ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಸತ್ತು ಬಿದ್ದಿರುತ್ತದೆ. ಸತ್ತದ್ದು ಬಡಕಲು ಮರಿಯಲ್ಲ, ಹಿಂಡಿನಲ್ಲೇ ಎದ್ದು ಕಾಣುವ ಮೈತುಂಬಿದ ಮರಿ. ಹಾವು ಮುಟ್ಟಿತು ಅಂತ ಒಬ್ಬರು, ದೃಷ್ಟಿ ತಾಗಿತು ಅಂತ ಇನ್ನೊಬ್ಬರು, ಬಾಜೂ ಹೊಲದಾಗ ಎಣ್ಣಿ ಹೊಡೆದಿದ್ರು ಅಂತ ಮತ್ತೊಬ್ಬರು. ಮಧ್ಯಾಹ್ನದೊಳಗೆ ಇನ್ನೆರಡು ಬಿದ್ದ ಮೇಲೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಅವರು ಬರುವ ಹೊತ್ತಿಗೆ ಮಾಡಲಿಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿನಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಡೆ ತಾಲೂಕುಗಳ ಕುರಿಗಾರರಿಗೂ, ಗಡಿಯಾಚೆ ಚಡಚಣ, ಇಂಡಿ, ಅಥಣಿ ಭಾಗದವರಿಗೂ ಈ ಕಥೆ ಹೊಸದಲ್ಲ. ಕನ್ನಡದಲ್ಲಿ ಇದಕ್ಕೆ ಕರುಳು ಬೇನೆ ಎನ್ನುತ್ತಾರೆ. ಮರಾಠಿಯಲ್ಲಿ ಆಂತ್ರವಿಷಾರ. ದವಾಖಾನೆಯ ಚೀಟಿಯಲ್ಲಿ ಎಂಟರೋಟಾಕ್ಸಿಮಿಯಾ, ಸಣ್ಣದಾಗಿ ‘ಇ.ಟಿ.’ ಮರಾಠಿ ಹೆಸರೇ ಅರ್ಧ ಪಾಠ ಹೇಳಿಬಿಡುತ್ತದೆ. ಆಂತ್ರ ಅಂದರೆ ಕರುಳು, ವಿಷಾರ ಅಂದರೆ ವಿಷ ಏರುವುದು. ಹೊರಗಿನಿಂದ ಯಾರೂ ವಿಷ ಹಾಕಿರುವುದಿಲ್ಲ, ಕುರಿಯ ಕರುಳಿನಲ್ಲೇ ವಿಷ ತಯಾರಾಗಿರುತ್ತದೆ.

ಇದನ್ನು ತಡೆಯುವ ಲಸಿಕೆ ಇದೆ. ಅದೂ ಬಲು ಹಳೆಯದು, ಅಗ್ಗದ್ದು, ಎರಡೂ ರಾಜ್ಯಗಳಲ್ಲಿ ತಯಾರಾಗುವಂಥದ್ದು. ಆದರೂ ಕುರಿ ಸಾಯುತ್ತಿದ್ದರೆ ದೋಷ ಎಲ್ಲಿದೆ? ಉತ್ತರಕ್ಕೆ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು: ರೋಗಾಣುವಿನ ಸ್ವಭಾವ, ಬದಲಾದ ಮಳೆ ಮತ್ತು ಮೇವು, ಎರಡು ಸರ್ಕಾರಗಳ ನಡುವೆ ಓಡಾಡುವ ಕುರಿ ಹಿಂಡು.

ಮನೆಯೊಳಗಿನ ವೈರಿ

ಈ ರೋಗಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ‘ಡಿ’ ಜಾತಿ. ಇದು ಮಣ್ಣಿನಲ್ಲೂ ಇರುತ್ತದೆ, ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಕುರಿ ದಿನನಿತ್ಯದ ಒಣ ಮೇವು ತಿಂದುಕೊಂಡು ಇರುವಾಗ ಇದರ ಆಟ ನಡೆಯುವುದಿಲ್ಲ. ಸಣ್ಣ ಕರುಳಿಗೆ ಬರುವ ಆಹಾರದಲ್ಲಿ ಇದಕ್ಕೆ ಬೇಕಾದ ಪಿಷ್ಟ ಕಡಿಮೆ, ಕರುಳಿನ ಚಲನೆ ಚೆನ್ನಾಗಿದ್ದರೆ ಹುಟ್ಟಿದ ಅಲ್ಪಸ್ವಲ್ಪ ವಿಷವೂ ಮುಂದಕ್ಕೆ ಸಾಗಿ ಹಿಕ್ಕೆಯೊಂದಿಗೆ ಹೊರಬೀಳುತ್ತದೆ.

ಮೇವು ಏಕಾಏಕಿ ಬದಲಾದ ದಿನ ಲೆಕ್ಕ ತಪ್ಪುತ್ತದೆ. ಬೇಸಿಗೆಯುದ್ದಕ್ಕೂ ಒಣ ಕಣಿಕೆ, ಕುರುಚಲು ತಿಂದ ಕುರಿ ಮಳೆ ಬಿದ್ದು ಹತ್ತು ದಿನಕ್ಕೆ ಎಳೆ ಹಸಿರು ಹುಲ್ಲಿಗೆ ಬಾಯಿ ಹಾಕುತ್ತದೆ. ಇಲ್ಲವೇ ರಾಶಿ ಮುಗಿದ ಹೊಲದಲ್ಲಿ ಬಿದ್ದ ಜೋಳ, ಗೋವಿನಜೋಳದ ತೆನೆಗಳನ್ನು ಹೊಟ್ಟೆ ಬಿರಿಯುವಂತೆ ತಿನ್ನುತ್ತದೆ. ದೊಡ್ಡ ಹೊಟ್ಟೆಯಲ್ಲಿ ಈ ಮೇವು ಪೂರ್ತಿ ಪಚನವಾಗುವುದಿಲ್ಲ. ಪಿಷ್ಟ ಹಾಗೇ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದು ಕುಳಿತ ರೋಗಾಣುವಿಗೆ ಅದು ಹಬ್ಬದೂಟ. ಕೆಲವೇ ತಾಸುಗಳಲ್ಲಿ ಅದರ ಸಂಖ್ಯೆ ಮಿತಿಮೀರಿ ಬೆಳೆಯುತ್ತದೆ.

ಹೀಗೆ ಬೆಳೆದ ಬ್ಯಾಕ್ಟೀರಿಯಾ ‘ಎಪ್ಸಿಲಾನ್’ ಎಂಬ ವಿಷದ ಕಚ್ಚಾ ರೂಪವನ್ನು ಹೊರಬಿಡುತ್ತದೆ. ಆ ಕಚ್ಚಾ ರೂಪಕ್ಕೆ ಹೆಚ್ಚು ಬಲ ಇಲ್ಲ. ಅದನ್ನು ಹರಿತ ಮಾಡುವುದು ಕುರಿಯ ಸ್ವಂತ ಜೀರ್ಣರಸ. ಪಚನಕ್ಕೆಂದು ಸಣ್ಣ ಕರುಳಿಗೆ ಬರುವ ಟ್ರಿಪ್ಸಿನ್ ಈ ಕಚ್ಚಾ ವಿಷದ ಒಂದು ತುಣುಕನ್ನು ಕತ್ತರಿಸಿದ ಕೂಡಲೇ ಅದು ಪೂರ್ಣ ವಿಷವಾಗುತ್ತದೆ. ಕ್ಲಾಸ್ಟ್ರಿಡಿಯಂ ಕುಲದ ವಿಷಗಳಲ್ಲಿ ಬಾಟುಲಿನಂ ಮತ್ತು ಧನುರ್ವಾಯು ವಿಷಗಳ ನಂತರದ ಸ್ಥಾನ ಇದಕ್ಕೇ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಈ ವಿಷ ಕರುಳಿನ ಗೋಡೆಯನ್ನು ಸಡಿಲ ಮಾಡಿ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳು, ಮೂತ್ರಪಿಂಡ, ಶ್ವಾಸಕೋಶಗಳ ಸಣ್ಣ ರಕ್ತನಾಳಗಳ ಒಳಪದರಕ್ಕೆ ಅಂಟಿ ರಂಧ್ರ ಕೊರೆಯುತ್ತದೆ. ನಾಳಗಳಿಂದ ನೀರು ಸೋರಿ ಮಿದುಳು ಬಾವುತ್ತದೆ. ಕುರಿ ತೂರಾಡುವುದು, ತಲೆ ಹಿಂದಕ್ಕೆ ಸೆಳೆಯುವುದು, ಬಿದ್ದು ಕಾಲು ಬಡಿಯುವುದು ಇವೆಲ್ಲ ಮಿದುಳಿನ ಬಾವಿನ ಲಕ್ಷಣ. ಸತ್ತ ಕುರಿಯನ್ನು ಡಾಕ್ಟರು ಕೊಯ್ದು ನೋಡಿದರೆ ಹೃದಯದ ಚೀಲದಲ್ಲಿ ನೀರು ತುಂಬಿರುತ್ತದೆ, ಮೂತ್ರಪಿಂಡ ಬೇಗನೇ ಮೆತ್ತಗಾಗಿರುತ್ತದೆ. ಇಂಗ್ಲಿಷಿನಲ್ಲಿ ಈ ರೋಗಕ್ಕೆ ‘ಪಲ್ಪಿ ಕಿಡ್ನಿ’ ಎಂಬ ಹೆಸರು ಬಂದದ್ದು ಇದರಿಂದಲೇ.

ಕರುವಿನ ಭೇದಿ ಬೇರೆ, ಕುರಿಯ ಕರುಳು ಬೇನೆ ಬೇರೆ

ಕರುಳಿನ ರೋಗಾಣು ಎಲ್ಲವೂ ಒಂದೇ ರೀತಿ ಕೊಲ್ಲುವುದಿಲ್ಲ. ಹುಟ್ಟಿದ ಮೊದಲ ನಾಲ್ಕೈದು ದಿನದಲ್ಲಿ ಕರುಗಳಿಗೆ ಬರುವ ಬಿಳಿ, ಹಳದಿ ಭೇದಿಗೆ ಇ.ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಮುಖ್ಯ ಕಾರಣಗಳಲ್ಲೊಂದು. ಅದು ಕೂದಲಿನಂಥ ಎಳೆಗಳಿಂದ ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅದು ಬಿಡುವ ವಿಷ ರಕ್ತದಲ್ಲಿ ಹರಡದೆ ಅಲ್ಲೇ ಕೆಲಸ ಮಾಡಿ ಮೈಯೊಳಗಿನ ನೀರು, ಉಪ್ಪನ್ನು ಕರುಳಿಗೆ ಸುರಿಸುತ್ತದೆ. ಕರು ಸಾಯುವುದು ನೀರು ಬತ್ತಿ. ಆದ್ದರಿಂದ ಸಕಾಲಕ್ಕೆ ಉಪ್ಪು-ಸಕ್ಕರೆಯ ದ್ರಾವಣ, ಸಲಾಯಿನ್ ಕೊಟ್ಟರೆ ಬಹಳಷ್ಟು ಕರು ಉಳಿಯುತ್ತವೆ. ಹುಟ್ಟಿದ ಕೆಲವೇ ತಾಸಿನೊಳಗೆ ಹೊಟ್ಟೆ ತುಂಬ ಗಿಣ್ಣದ ಹಾಲು ಕುಡಿಸಿದರೆ ಎಷ್ಟೋ ಕರುಗಳಿಗೆ ಭೇದಿಯೇ ಬರುವುದಿಲ್ಲ.

ಕುರಿಯ ಕರುಳು ಬೇನೆಯಲ್ಲಿ ಇಂಥ ಸಮಯಾವಕಾಶ ಇಲ್ಲ. ಲಕ್ಷಣ ಕಾಣುವ ಹೊತ್ತಿಗೆ ವಿಷ ರಕ್ತ ದಾಟಿ ಮಿದುಳಿಗೆ ಹೋಗಿರುತ್ತದೆ. ಆ್ಯಂಟಿಬಯಾಟಿಕ್ ರೋಗಾಣುವನ್ನು ಕೊಂದೀತು, ಆಗಲೇ ಏರಿದ ವಿಷವನ್ನು ಇಳಿಸಲಾರದು. ಸತ್ತ ಮೇಲೆ ಅಂಗಡಿಯಿಂದ ಸಿಕ್ಕ ಸೂಜಿ ತಂದು ಇಡೀ ಹಿಂಡಿಗೆ ಚುಚ್ಚುವ ರೂಢಿ ಹಲವು ಕಡೆ ಇದೆ. ರೊಕ್ಕ ಖರ್ಚಾಗುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ, ಹಿಂಡನ್ನು ಆ ಹೊಲದಿಂದ, ಆ ಕಾಳಿನಿಂದ ಹೊರಗೆ ಹೊಡೆದು ಒಣ ಮೇವಿಗೆ ಹಾಕುವುದು. ಎರಡನೆಯದು ಡಾಕ್ಟರನ್ನು ಕರೆಯುವುದು.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಒಂದರಿಂದ ಒಂದಕ್ಕೆ ಹತ್ತುವ ರೋಗ ಎಂಬುದು. ಹಿರೇಬೇನೆಯಂತೆ ಇದು ಉಸಿರಿನಿಂದ ಹರಡುವುದಿಲ್ಲ. ಒಂದೇ ದಿನ ಐದಾರು ಬೀಳುವುದಕ್ಕೆ ಕಾರಣ ಅವೆಲ್ಲ ಒಂದೇ ಮೇವು ತಿಂದಿರುತ್ತವೆ ಎಂಬುದಷ್ಟೇ. ಹೆಚ್ಚು ತಿಂದದ್ದು ಮೊದಲು ಬೀಳುತ್ತದೆ. ಮೈತುಂಬಿದ ಮರಿ, ಒಂಟಿಯಾಗಿ ಹುಟ್ಟಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದ ಮರಿ, ಕಾಳು ಹಾಕಿ ಕೊಬ್ಬಿಸಿದ ಟಗರು ಇವೇ ಮೊದಲ ಬಲಿ.

ಬೆಲೆ ಹೆಚ್ಚಿದಷ್ಟೂ ಅಪಾಯ ಹೆಚ್ಚು

ಈ ಮಾತು ಜತ್ತ ಭಾಗಕ್ಕೆ ನೇರವಾಗಿ ತಾಗುತ್ತದೆ. ಇದೇ ತಾಲೂಕಿನ ಮಾಡಗ್ಯಾಳ ಊರಿನ ಹೆಸರು ಹೊತ್ತ ಕುರಿ ತಳಿ ಗಿಳಿಮೂಗಿಗೆ, ಎತ್ತರದ ಮೈಕಟ್ಟಿಗೆ ಹೆಸರುವಾಸಿ. 2020ರ ಡಿಸೆಂಬರಿನಲ್ಲಿ ಸಾಂಗಲಿ ಜಿಲ್ಲೆಯ ಆಟಪಾಡಿ ಬಜಾರಿನಲ್ಲಿ ಮಾಡಗ್ಯಾಳ ಟಗರೊಂದಕ್ಕೆ 70 ಲಕ್ಷ ರೂಪಾಯಿಗೆ ಕೇಳಿಕೆ ಬಂದು, ಮಾಲೀಕ ಕೊಡಲು ಒಪ್ಪದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂಥ ಬೆಲೆ ನೂರರಲ್ಲಿ ಒಂದಕ್ಕೂ ಸಿಗುವುದಿಲ್ಲ, ಮಾತು ಬೇರೆ. ಆದರೆ ಆ ಆಸೆಯಲ್ಲಿ ಮರಿಗೆ ಗೋವಿನಜೋಳ, ಹಿಂಡಿ, ಹಾಲು ಹಾಕಿ ಬೆಳೆಸುವ ಮನೆಗಳು ಬಹಳ. ಬಕ್ರೀದ್ ಮಾರಾಟಕ್ಕೆ ಟಗರು ಕೊಬ್ಬಿಸುವವರೂ ಕೊನೆಯ ಎರಡು ತಿಂಗಳು ಕಾಳು ಏರಿಸುತ್ತಾರೆ. ರೋಗಾಣುವಿಗೆ ಬೇಕಾದದ್ದೂ ಅದೇ ಕಾಳು.

ನೀರಾವರಿಯೂ ಮೇವಿನ ಲೆಕ್ಕ ಬದಲಿಸುತ್ತಿದೆ. 2022ರ ಡಿಸೆಂಬರಿನಲ್ಲಿ ಗಡಿ ವಾದ ಜೋರಾಗಿದ್ದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತ ತಾಲೂಕಿಗೆ ಹರಿದು ಬಂತು. ಮ್ಹೈಸಾಳ ವಿಸ್ತರಿತ ಯೋಜನೆಗೆ ಮಹಾರಾಷ್ಟ್ರ ಸರ್ಕಾರ ವೇಗ ಕೊಟ್ಟದ್ದೂ ಆ ವಾದದ ನಂತರವೇ. ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಮುಟ್ಟಿದ ಹೊಲದಲ್ಲಿ ಕುರುಚಲು ಹೋಗಿ ಗೋವಿನಜೋಳ, ಕಬ್ಬು, ಹಸಿ ಮೇವು ಬರುತ್ತವೆ. ಕುರುಚಲಿಗೆ ಹೊಂದಿಕೊಂಡ ಹಿಂಡು ಒಂದೇ ದಿನದಲ್ಲಿ ಹಸಿ ಮೇವಿನ ಹೊಲಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ. ನೀರಾವರಿ ಇಲಾಖೆಯ ನಕಾಶೆಯಲ್ಲಿ ಈ ಬಾಬ್ತು ಬರುವುದಿಲ್ಲ. ಪಶು ಇಲಾಖೆಯಾದರೂ ಬರೆದುಕೊಳ್ಳಬೇಕು.

ಕ್ಯಾಲೆಂಡರ್ ತಪ್ಪಿಸಿದ ಮಳೆ

ಕರುಳು ಬೇನೆಯ ಲಸಿಕೆಯನ್ನು ಮುಂಗಾರಿಗೆ ಮುಂಚೆ ಹಾಕಿಸಬೇಕು ಎಂಬುದು ಎಲ್ಲ ಪಶು ದವಾಖಾನೆಗಳ ಗೋಡೆಯ ಮೇಲಿರುವ ಮಾತು. ಸಾಮಾನ್ಯವಾಗಿ ಇದನ್ನು ‘ಮೇ ತಿಂಗಳು’ ಎಂದು ಓದಿಕೊಳ್ಳುತ್ತಾರೆ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲ ಸಲ ಲಸಿಕೆ ಕಾಣುವ ಮರಿಗೆ ಎರಡು ಸೂಜಿ ಬೇಕು. ಮೊದಲನೆಯದು ಆದ ಎರಡು-ಮೂರು ವಾರಕ್ಕೆ ಎರಡನೆಯದು. ಅದಾಗಿ ಮತ್ತೊಂದು ವಾರವಾದರೂ ಕಳೆದ ಮೇಲೆಯೇ ಮೈಯಲ್ಲಿ ಸಾಕಷ್ಟು ತಾಕತ್ತು ಬರುತ್ತದೆ. ಅಂದರೆ ಒಟ್ಟು ಹೆಚ್ಚುಕಡಿಮೆ ಒಂದು ತಿಂಗಳು.

2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಮೇ 24ಕ್ಕೆ, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡೇ ದಿನದಲ್ಲಿ, ಮೇ 26ಕ್ಕೆ, ಮುಂಬೈ ಮುಟ್ಟಿತು. ಅದಕ್ಕೂ ಮುಂಚೆಯೇ ಮೇ ತಿಂಗಳ ನಡುವಿನಿಂದ ಮಹಾರಾಷ್ಟ್ರದಲ್ಲಿ ಧಾರಾಕಾರ ಮಳೆ ಹಿಡಿದಿತ್ತು. ಆ ವರ್ಷ ಬಕ್ರೀದ್ ಜೂನ್ 7ಕ್ಕೆ. ಕಾಳು ತಿಂದು ಕೊಬ್ಬಿದ ಟಗರು, ಹೊಸ ಹುಲ್ಲು ಎರಡೂ ಒಂದೇ ಹೊತ್ತಿಗೆ ಕೂಡಿದವು. ಮೇ 15ಕ್ಕೆ ಮೊದಲ ಸೂಜಿ ಹಾಕಿಸಿದ ಕುರಿಗಾರ ತಾನು ವೇಳೆಗೆ ಸರಿಯಾಗಿ ಹಾಕಿಸಿದೆ ಅಂತಲೇ ತಿಳಿದಿರುತ್ತಾನೆ. ಆದರೆ ಆ ಮರಿಗೆ ರಕ್ಷಣೆ ಸಿಗುವುದು ಜೂನ್ ನಡುವೆ, ಹುಲ್ಲು ಚಿಗುರುವುದು ಮೇ ಕೊನೆಗೆ. ನಡುವಿನ ಎರಡು ವಾರವೇ ಅಪಾಯದ ಬಾಗಿಲು.

ಮಳೆ ಪ್ರತಿ ವರ್ಷ ಹೀಗೆಯೇ ಬರುತ್ತದೆ ಅಂತ ಹೇಳಲಿಕ್ಕಾಗದು. ಆದರೆ ಬೇಗ ಬಂದರೂ ನಷ್ಟ ಆಗದ ಹಾಗೆ ದಿನ ಗೊತ್ತು ಮಾಡಬಹುದು. ಮೊದಲ ಸೂಜಿ ಏಪ್ರಿಲ್ ಎರಡನೇ ವಾರದೊಳಗೆ, ಎರಡನೆಯದು ಮೇ ಮೊದಲ ವಾರದೊಳಗೆ ಆದರೆ ಮಳೆ ಯಾವಾಗ ಬಂದರೂ ಚಿಂತೆ ಇಲ್ಲ. ಹಿಂದಿನ ವರ್ಷ ಎರಡೂ ಸೂಜಿ ಆದ ದೊಡ್ಡ ಕುರಿಗೆ ವರ್ಷಕ್ಕೊಂದು ಸೂಜಿ ಸಾಕು. ಗಬ್ಬದ ಕುರಿಗೆ ಈಯುವ ಒಂದು ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣದ ಹಾಲಿನ ಮೂಲಕ ಮರಿಗೂ ರಕ್ಷಣೆ ಇಳಿಯುತ್ತದೆ. ಮೇಕೆಗಳಲ್ಲಿ ಈ ಲಸಿಕೆಯ ಬಲ ಕುರಿಯಷ್ಟು ದಿನ ನಿಲ್ಲುವುದಿಲ್ಲ, ಅವಕ್ಕೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬೇಕಾದೀತು. ಡಾಕ್ಟರನ್ನು ಕೇಳಿ ಹಾಕಿಸುವುದು ಒಳ್ಳೆಯದು.

ಗೆರೆ ದಾಟಿದ ಹಿಂಡು ಯಾರ ಲೆಕ್ಕಕ್ಕೆ?

2019ರ 20ನೇ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1.11 ಕೋಟಿ ಕುರಿ, ಮಹಾರಾಷ್ಟ್ರದಲ್ಲಿ ಸುಮಾರು 27 ಲಕ್ಷ. ಒಂದು ರಾಜ್ಯದಲ್ಲಿ ಕುರಿ ದೊಡ್ಡ ವಿಷಯ, ಇನ್ನೊಂದರಲ್ಲಿ ಹಸು, ಎಮ್ಮೆಗಳ ನಂತರದ ವಿಷಯ. ಗಡಿ ಕುರಿಗಾರರು ಬದುಕುವುದು ಈ ಎರಡರ ನಡುವೆ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಳೆಸಾಲಿನ ಕಡೆ ನಡೆಯುತ್ತದೆ. ರೈತರ ಹೊಲದಲ್ಲಿ ತರುಬುತ್ತ, ಕಾಳು-ಕಡಿ, ರೊಕ್ಕ ಪಡೆಯುತ್ತ ತಿಂಗಳುಗಟ್ಟಲೆ ಹೊರಗಿದ್ದು ಮಳೆ ಹೊತ್ತಿಗೆ ಊರಿಗೆ ತಿರುಗುತ್ತದೆ. ಲಸಿಕೆಯ ತಂಡ ಏಪ್ರಿಲ್-ಮೇದಲ್ಲಿ ಊರಿಗೆ ಬಂದಾಗ ಹಿಂಡು ಊರಲ್ಲಿ ಇರುವುದಿಲ್ಲ. ಹಿಂಡು ಇದ್ದ ಊರಿನ ದವಾಖಾನೆಗೆ ಅದು ‘ಹೊರಗಿನ ಕುರಿ’. ಮೊದಲ ಸೂಜಿ ಒಂದು ತಾಲೂಕಿನಲ್ಲಿ ಆದರೂ ಎರಡನೆಯದರ ವೇಳೆಗೆ ಹಿಂಡು ಮತ್ತೊಂದು ತಾಲೂಕು, ಕೆಲವೊಮ್ಮೆ ಮತ್ತೊಂದು ರಾಜ್ಯ ಸೇರಿರುತ್ತದೆ.

ಲಸಿಕೆಗೆ ಬರವಿದೆ ಎನ್ನುವ ಹಾಗಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ, ಪುಣೆಯ ಔಂಧದಲ್ಲಿರುವ ಪಶು ಜೈವಿಕ ಉತ್ಪನ್ನ ಸಂಸ್ಥೆಯೂ ಇದನ್ನು ತಯಾರಿಸುತ್ತವೆ. ಕಾಲು ಬಾಯಿ ಬೇನೆಗೆ, ಹಿರೇಬೇನೆಗೆ ಕೇಂದ್ರದ ದೊಡ್ಡ ಕಾರ್ಯಕ್ರಮಗಳಿವೆ, ದಿನ ಗೊತ್ತು ಮಾಡಿ ಊರೂರು ಸುತ್ತುತ್ತಾರೆ. ಕರುಳು ಬೇನೆ ಆ ಸಾಲಿನಲ್ಲಿಲ್ಲ. ಅದು ಒಂದರಿಂದ ಒಂದಕ್ಕೆ ಹತ್ತದ ರೋಗವಾದ್ದರಿಂದ ರಾಜ್ಯಗಳ ಇಚ್ಛೆಗೆ, ಕುರಿಗಾರನ ಎಚ್ಚರಕ್ಕೆ ಬಿಟ್ಟ ಹಾಗಾಗಿದೆ.

ದಾಖಲೆಯ ದಾರಿ ಈಗ ಸ್ವಲ್ಪ ಸುಲಭವಾಗಿದೆ. ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆ ದೇಶಕ್ಕೆಲ್ಲ ಒಂದೇ. ಅದರ ಮಾಹಿತಿ ‘ಭಾರತ ಪಶುಧನ’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಮಹಾರಾಷ್ಟ್ರದಲ್ಲಿ 2024ರ ಜೂನ್ 1ರಿಂದ ಬಿಲ್ಲೆ ಇಲ್ಲದ ಜಾನುವಾರುಗಳಿಗೆ ಬಜಾರಿನ ವ್ಯವಹಾರ, ದವಾಖಾನೆ ಸೇವೆಗಳಿಗೆ ನಿರ್ಬಂಧ ಹಾಕಲಾಯಿತು. 2024ರ ಅಕ್ಟೋಬರಿನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿ ಸಂಚಾರಿ ಪಶುಪಾಲಕರ ಮಾಹಿತಿಯನ್ನೂ ಮೊದಲ ಬಾರಿಗೆ ಸೇರಿಸಲಾಯಿತು. ಹೀಗಿರುವಾಗ ಜತ್ತದಲ್ಲಿ ಮೊದಲ ಸೂಜಿ ಆದ ಕುರಿಗೆ ಚಡಚಣದಲ್ಲಿ ಎರಡನೆಯದು ಹಾಕಲು ಕಾಗದದ ಅಡ್ಡಿ ಇರಬಾರದು. ಉಳಿದದ್ದು ಎರಡೂ ಕಡೆಯ ಅಧಿಕಾರಿಗಳು ವರ್ಷಕ್ಕೊಮ್ಮೆ ಕುಳಿತು ಹಿಂಡುಗಳ ದಾರಿ, ದಿನ ಗೊತ್ತು ಮಾಡಿಕೊಳ್ಳುವುದು.

ಪರಿಹಾರದ ವಿಷಯದಲ್ಲಿ ಗೆರೆ ಇನ್ನೂ ಗಟ್ಟಿ. ಕರ್ನಾಟಕದ ‘ಅನುಗ್ರಹ’ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗೆ ಕೊಡುವ 5,000 ರೂಪಾಯಿಯನ್ನು 2025-26ರ ಬಜೆಟ್ಟಿನಲ್ಲಿ 7,500ಕ್ಕೆ ಏರಿಸಲಾಯಿತು. ಗಡಿಯ ಈಚೆಗಿನ ಕನ್ನಡ ಕುರಿಗಾರ ಅದರ ವ್ಯಾಪ್ತಿಗೆ ಬರುವುದಿಲ್ಲ. ಇತ್ತ ವಿಪತ್ತು ಪರಿಹಾರದ 2022-26ರ ನಿಯಮದಲ್ಲಿ ಒಂದು ಕುರಿಗೆ 4,000 ರೂಪಾಯಿ, ಒಂದು ಮನೆಗೆ 30 ಕುರಿಯವರೆಗೆ. ಆದರೆ ಅದು ನೆರೆ, ಸಿಡಿಲಿನಂಥ ವಿಪತ್ತಿಗೆ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯನ್ನು ಮುಳುಗಿಸಿತು. ಅಂಥ ನೆರೆಯಲ್ಲಿ ಕೊಚ್ಚಿ ಹೋದ ಕುರಿ ಈ ಲೆಕ್ಕಕ್ಕೆ ಬರುತ್ತದೆ. ನೆರೆ ಇಳಿದ ಮೇಲೆ ಒಣ ಮೇವು ಕೊಳೆತು, ಬರೀ ಹಸಿ ಹುಲ್ಲು ತಿಂದು ಕರುಳು ಬೇನೆಯಿಂದ ಸತ್ತ ಕುರಿ ಬರುವುದಿಲ್ಲ.

ಉಳಿಯುವುದು ವಿಮೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ ಸಾಕುವವನ ಪಾಲನ್ನು ಕಂತಿನ 15 ಶೇಕಡಕ್ಕೆ ಇಳಿಸಿ, ಮಿತಿಯನ್ನು 5 ಘಟಕದಿಂದ 10 ಘಟಕಕ್ಕೆ ಏರಿಸಿತು. 10 ಕುರಿಗೆ ಒಂದು ಘಟಕ ಎಂದರೆ 100 ಕುರಿಯವರೆಗೆ. ಇದು ಗಡಿಯ ಎರಡೂ ಕಡೆಯವರಿಗೆ ಅನ್ವಯಿಸುವ ಯೋಜನೆ. ಇದಕ್ಕೂ ಕಿವಿಯ ಬಿಲ್ಲೆ ಬೇಕು, ಡಾಕ್ಟರ ಮರಣೋತ್ತರ ವರದಿ ಬೇಕು. ಸತ್ತ ಕುರಿಯನ್ನು ತಕ್ಷಣ ಕೊಯ್ದು ಹಂಚುವ ಅಥವಾ ಹಳ್ಳಕ್ಕೆ ಎಸೆಯುವ ರೂಢಿ ಇರುವ ತನಕ ಆ ವರದಿ ಸಿಗುವುದಿಲ್ಲ.

ಜಮಾ-ಖರ್ಚು

ಲೆಕ್ಕ ಕಠಿಣವೇನಲ್ಲ. ನೂರು ಕುರಿಯ ಹಿಂಡಿನಲ್ಲಿ ಕುರಿಗೆ ಎರಡು ಸೂಜಿ, ಸೂಜಿಗೆ ಆಳು-ಓಡಾಟ ಸೇರಿ ಹತ್ತು ರೂಪಾಯಿ ಅಂತ ಹಿಡಿದರೂ ಒಟ್ಟು ಎರಡು ಸಾವಿರ. ಒಂದು ಕುರಿಗೆ ಹತ್ತು ಸಾವಿರ ಅಂತ ಹಿಡಿದರೆ, ಐದು ಕುರಿ ಸತ್ತರೆ ಐವತ್ತು ಸಾವಿರ. ಒಂದೇ ಒಂದು ಕುರಿ ಉಳಿದರೂ ಲಸಿಕೆಯ ಖರ್ಚು ಐದು ಪಟ್ಟು ತಿರುಗಿ ಬಂದ ಹಾಗೆ. ಇಷ್ಟು ಸ್ಪಷ್ಟ ಲಾಭದ ಕೆಲಸ ನಿಂತಿರುವುದು ರೊಕ್ಕದ ಕೊರತೆಯಿಂದಲ್ಲ, ವೇಳೆ ಮತ್ತು ಸುದ್ದಿ ಕೂಡದೆ ಇರುವುದರಿಂದ.

ಕುರಿಗಾರರ ಕೈಯಲ್ಲೇ ಇರುವ ಕೆಲಸಗಳೂ ಇವೆ. ಮೊದಲ ಮಳೆಯಾದ ಎರಡು ವಾರ ಬೆಳಿಗ್ಗೆ ಒಣ ಕಣಿಕೆ ತಿನ್ನಿಸಿ ಆಮೇಲೆ ಹಸಿರಿಗೆ ಬಿಡಬೇಕು, ಅದೂ ದಿನಕ್ಕೆ ಒಂದೆರಡು ತಾಸಿನಿಂದ ಶುರುಮಾಡಿ. ಟಗರಿಗೆ ಕಾಳು ಹಾಕುವವರು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ರಾಶಿ ಆದ ಹೊಲಕ್ಕೆ ಹಸಿದ ಹಿಂಡನ್ನು ಒಮ್ಮೆಲೇ ನುಗ್ಗಿಸಬಾರದು. ಲಸಿಕೆಗೆ ಮುಂಚೆ ಜಂತುಹುಳದ ಔಷಧ ಆಗಿರಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ತರಬೇಕು. ಬಿಸಿಲಿನಲ್ಲಿ ತಂದದ್ದೂ, ಬರ್ಫದಲ್ಲಿ ಹೆಪ್ಪುಗಟ್ಟಿದ್ದೂ ಎರಡೂ ಕೆಲಸಕ್ಕೆ ಬಾರದು. ಒಂದೇ ಸೂಜಿ ಹಾಕಿಸಿ ಎರಡನೆಯದನ್ನು ಮರೆತರೆ ಮರಿಗೆ ಪೂರ್ಣ ರಕ್ಷಣೆ ಸಿಗುವುದಿಲ್ಲ.

ಕುರಿ ಏಕಾಏಕಿ ಸತ್ತಾಗ ಎಲ್ಲವೂ ಕರುಳು ಬೇನೆಯೇ ಎಂದು ತಿಳಿಯುವುದೂ ತಪ್ಪು. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ ಇರಬಹುದು. ಅಂಥ ಕುರಿಯನ್ನು ಕೊಯ್ಯಬಾರದು, ಮುಟ್ಟಬಾರದು. ಅದು ಮನುಷ್ಯರಿಗೂ ಹತ್ತುತ್ತದೆ. ಉಳಿದಂತೆ ಸತ್ತ ಕೂಡಲೇ ಡಾಕ್ಟರು ಕರುಳಿನ ದ್ರವವನ್ನು ಬರ್ಫದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದರೆ ವಿಷದ ಗುರುತು ಸಿಗುತ್ತದೆ. ತಡವಾದರೆ ಹೆಣ ಕೊಳೆತು ಪುರಾವೆ ಹೋಗುತ್ತದೆ. ಸಂಚಾರಿ ಪಶು ದವಾಖಾನೆಗೆ ಫೋನ್ ನಂಬರ್ 1962.

ಸುದ್ದಿ ಮುಟ್ಟಿಸಲು ಹೊಸ ಸಭೆ ಕರೆಯಬೇಕಾಗಿಯೂ ಇಲ್ಲ. ಮಂಗಳವೇಡೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಹಾಲಿಂಗರಾಯನ ಜಾತ್ರೆಗೆ ಮಹಾರಾಷ್ಟ್ರ, ಕರ್ನಾಟಕದ ಕುರಿಗಾರರು ತಾವಾಗಿಯೇ ಕೂಡುತ್ತಾರೆ. ಹಿಂಡು ಹೊರಡುವ ಮುಂಚಿನ ದಿನಗಳವು. ಎರಡೂ ರಾಜ್ಯಗಳ ಪಶು ಇಲಾಖೆಯವರು ಅಲ್ಲೊಂದು ಟೇಬಲ್ ಹಾಕಿ, ಕನ್ನಡ-ಮರಾಠಿ ಎರಡರಲ್ಲೂ ಒಂದು ಹಾಳೆ ಹಂಚಿ, ಏಪ್ರಿಲಿನಲ್ಲಿ ಯಾವ ಹಿಂಡು ಯಾವ ಊರಿನಲ್ಲಿ ಇರುತ್ತದೆ ಎಂದು ಬರೆದುಕೊಂಡರೆ ಮುಂದಿನ ಮಳೆಗಾಲದ ಅರ್ಧ ಕೆಲಸ ಅಲ್ಲೇ ಮುಗಿದೀತು.